ಹಡಗೋ, ಕಾಡುಮೃಗವೋ: ಹೀಬ್ರೂವಿನ ‘ತ್ಸಿಯ್ಯೀಮ್’

ಪ್ರಶ್ನೆ: ಬೈಬಲಿನ ದಾನಿಯೇಲ 11:30ರಲ್ಲಿ ಕಿತ್ತೀಮಿನ ಹಡಗುಗಳ ಪ್ರಸ್ತಾಪವಿದ್ದು, ಮೂಲದಲ್ಲಿ ಅಲ್ಲಿರುವ ಪದ ‘ತ್ಸಿಯ್ಯೀಮ್’ ಎಂದು ಓದಿದೆ. ಯೆಶಾಯ 13:21ರಲ್ಲಿ ಅದೇ ಪದಕ್ಕೆ ಕಾಡುಮೃಗಗಳೆಂಬ ಅರ್ಥ ಕೊಡುತ್ತಾರೆ. ಇದು ಹೇಗೆ ಸಾಧ್ಯ? ಹಡಗಿಗೆ ಹೀಬ್ರೂವಿನಲ್ಲಿ ಬೇರೆ ಪದವಿಲ್ಲವೇ?

ಉತ್ತರ: ಅವು ಒಂದೇ ಪದವಲ್ಲ, ಬಹುವಚನದಲ್ಲಿ ಒಂದೇ ರೂಪ ತಳೆಯುವ ಎರಡು ಪದಗಳು. ನಮ್ಮಲ್ಲಿ ಸಂಖ್ಯೆಯ ‘ಹತ್ತು’ ಬೇರೆ, ಮರ ‘ಹತ್ತು’ವುದು ಬೇರೆ ಅಲ್ಲವೇ, ಹಾಗೆ. ಪಾಳುಬಿದ್ದ ಊರುಗಳಲ್ಲಿ ಬೀಡುಬಿಡುವ ಪ್ರಾಣಿಗಳನ್ನು ಹೇಳುವ ‘ತ್ಸಿಯ್ಯೀಮ್’ ಪದವನ್ನು ಒಣನೆಲವೆಂಬ ಅರ್ಥದ ‘ತ್ಸಿಯ್ಯಾ’ದೊಂದಿಗೆ ಸೇರಿಸುತ್ತಾರೆ. ಹಡಗಿನ ಪದದ ಏಕವಚನ ‘ತ್ಸೀ’. ಅದು ಈಜಿಪ್ಟಿನ ಭಾಷೆಯಿಂದ ಬಂದ ಎರವಲು ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ.

ಹಡಗಿಗೆ ಹೀಬ್ರೂ ಬೈಬಲಿನ ವಾಡಿಕೆಯ ಪದ ‘ಒನಿಯ್ಯಾ’. ಯೋನನು ಯೊಪ್ಪದಲ್ಲಿ ಹತ್ತಿದ್ದೂ ತಾರ್ಷೀಷಿನ ಹಡಗುಗಳೂ ಆ ಪದದವೇ. ‘ತ್ಸೀ’ ಹಡಗಿನ ಅರ್ಥದಲ್ಲಿ ಖಚಿತವಾಗಿ ಸಿಗುವುದು ನಾಲ್ಕೇ ಕಡೆ: ಅರಣ್ಯಕಾಂಡ 24:24, ಯೆಶಾಯ 33:21, ಯೆಹೆಜ್ಕೇಲ 30:9 ಮತ್ತು ದಾನಿಯೇಲ 11:30. ಇವುಗಳಲ್ಲಿ ಅರ್ಥವನ್ನು ತಾನೇ ತಿಳಿಸಿಕೊಡುವುದು ಯೆಶಾಯನ ಸಾಲು. ಅಲ್ಲಿ ಹುಟ್ಟು ಹಾಕಿ ನಡೆಸುವ ಹಡಗು ಮೊದಲ ಪಾದದಲ್ಲಿದ್ದು, ಅದಕ್ಕೆ ಜೋಡಿಯಾಗಿ ಎರಡನೆಯ ಪಾದದಲ್ಲಿ ‘ತ್ಸೀ ಅದ್ದೀರ್’, ಅಂದರೆ ಭಾರಿ ಹಡಗು, ಬರುತ್ತದೆ. ನಾಲ್ಕು ಕಡೆಗಳಲ್ಲಿಯೂ ಈ ಹಡಗು ಸರಕು ಹೊತ್ತ ಸುಳಿವಿಲ್ಲ. ಅದು ಬೆದರಿಕೆಯನ್ನೋ ದೂತರನ್ನೋ ಹೊತ್ತು ಬರುವ ಹಡಗು.

ಪದ ಎಷ್ಟು ಅಪರೂಪವಾಗಿತ್ತೆಂದರೆ ಪ್ರಾಚೀನ ಗ್ರೀಕ್ ಅನುವಾದಕರೇ ತಡವರಿಸಿದ್ದಾರೆ. ಅರಣ್ಯಕಾಂಡದಲ್ಲಿ ಅವರು ಹಡಗನ್ನು ಬಿಟ್ಟು ‘ಹೊರಟುಬರುವನು’ ಎಂಬರ್ಥ ಮಾಡಿದರು. ಯೆಹೆಜ್ಕೇಲನಲ್ಲಿ ದೂತರು ಹಡಗೇರುವ ಬದಲು ‘ಅವಸರದಿಂದ’ ಹೊರಡುತ್ತಾರೆ. ದಾನಿಯೇಲನ ಹಳೆಯ ಗ್ರೀಕ್ ಪಾಠವಂತೂ ಹಡಗು, ಕಿತ್ತೀಮ್ ಎರಡನ್ನೂ ಬದಿಗಿಟ್ಟು ನೇರವಾಗಿ ‘ರೋಮನರು’ ಎಂದುಬಿಟ್ಟಿತು. ಪದಶಃ ಅದು ಸರಿಯಲ್ಲ, ಆದರೆ ಪ್ರಸಂಗವನ್ನು ಹಿಡಿದದ್ದು ಸರಿಯಾಗಿಯೇ. ಕಿತ್ತೀಮ್ ಮೂಲತಃ ಸೈಪ್ರಸ್ ದ್ವೀಪದ ಕಿಟಿಯೋನ್ ಪಟ್ಟಣಕ್ಕೆ ಸಂಬಂಧಿಸಿದ ಹೆಸರು. ಕ್ರಮೇಣ ಪಶ್ಚಿಮದ ಕಡಲಾಚೆಯವರನ್ನೆಲ್ಲ ಒಳಗೊಂಡಿತು. ಕ್ರಿ.ಪೂ. 168ರಲ್ಲಿ ಈಜಿಪ್ಟಿನ ಮೇಲೆ ದಂಡೆತ್ತಿ ಹೋಗಿದ್ದ ಸಿರಿಯದ ಅರಸ ನಾಲ್ಕನೆಯ ಅಂಟಿಯೋಕಸನನ್ನು ಅಲೆಕ್ಸಾಂಡ್ರಿಯದ ಬಳಿ ರೋಮಿನ ರಾಯಭಾರಿ ಪೊಪಿಲಿಯಸ್ ಲೇನಾಸ್ ತಡೆದು, ಅವನ ಸುತ್ತ ಕೋಲಿನಿಂದ ಗೆರೆ ಎಳೆದು, ಈಜಿಪ್ಟನ್ನು ಬಿಟ್ಟು ಹೋಗುವೆಯೋ ಇಲ್ಲವೋ ಎಂಬುದಕ್ಕೆ ಅದನ್ನು ದಾಟುವ ಮೊದಲೇ ಉತ್ತರ ಹೇಳಬೇಕೆಂದು ಒತ್ತಾಯಿಸಿದ. ಅರಸ ಸೋತ ಮುಖದಿಂದ ಹಿಂದಿರುಗಿದ. ದಾನಿಯೇಲನ ವಚನ ಚಿತ್ರಿಸುವುದು ಇದನ್ನೇ ಎಂಬುದು ಬಹುತೇಕ ವ್ಯಾಖ್ಯಾನಕಾರರ ಮತ.

ನಿಮ್ಮ ಗೊಂದಲ ನಿಜವಾಗಿ ಕಾಡಬೇಕಾದ ಜಾಗ ಯೆಶಾಯ 23:13. ತೂರ್ ಎಂಬ ಬಂದರು ಪಟ್ಟಣವನ್ನು ಕುರಿತ ಆ ಅಧ್ಯಾಯದಲ್ಲಿ ಅಶ್ಶೂರವು (ಅಸ್ಸೀರಿಯ ಸಾಮ್ರಾಜ್ಯವು) ‘ತ್ಸಿಯ್ಯೀಮ್’ಗಳಿಗಾಗಿ ನೆಲೆ ಮಾಡಿತೆಂಬ ಮಾತು ಬರುತ್ತದೆ; ಸುತ್ತಲೂ ಕಡಲಿನ ವಿಷಯವೇ ಇರುವುದರಿಂದ ಹಡಗೆಂದು ಓದಲು ಮನಸ್ಸಾಗುತ್ತದೆ. ನಾನು ಹಾಗೆ ಓದುವುದಿಲ್ಲ. ಅದೇ ಪದ್ಯದ ಮೊದಲ ವಚನದಲ್ಲಿಯೂ ಹದಿನಾಲ್ಕನೆಯದರಲ್ಲಿಯೂ ಕವಿ ಹಡಗುಗಳನ್ನು ‘ಒನಿಯ್ಯೋತ್’ ಎಂದೇ ಕರೆದಿದ್ದಾನೆ, ಹದಿಮೂರನೆಯ ವಚನವಾದರೋ ಅರಮನೆಗಳು ಕೆಡವಲ್ಪಟ್ಟು ಹಾಳಾದುದನ್ನು ಹೇಳುತ್ತಿದೆ. ಹಾಳೂರಿಗೆ ಬರುವುದು ಮೃಗಗಳೇ.