ಕ್ಲಿಪ್ ಹಾಕಿಸಿದ ಮೇಲೆ ನಾಲಿಗೆ ಉಜ್ಜಿ ಹುಣ್ಣಾಗಿದೆ, ತಾನಾಗಿ ವಾಸಿಯಾಗುತ್ತದಾ?

ಹಲ್ಲಿಗೆ ಕ್ಲಿಪ್ ಹಾಕಿಸಿ 12 ದಿನ ಆಯಿತು, ಕೆನ್ನೆಯ ಒಳಗಿನ ಗಾಯ ಮಾಯ್ದಿದೆ, ಆದರೆ ನಾಲಿಗೆಯ ಎಡಬದಿ ಉರಿ ಮಾತ್ರ ಹೋಗುತ್ತಿಲ್ಲ ಅಂತ ಬರೆದಿದ್ದೀರಿ. ಊಟ ಸೇರುತ್ತಿಲ್ಲ, ಮಾತು ತೊದಲುತ್ತಿದೆ. ಮುಂದಿನ ಅಪಾಯಿಂಟ್‌ಮೆಂಟ್ ಇನ್ನೂ 18 ದಿನ ದೂರ ಇದೆ. ಅಲ್ಲಿಯವರೆಗೆ ಸಹಿಸಿಕೊಳ್ಳಬೇಕಾ ಅನ್ನುವುದು ನಿಮ್ಮ ಪ್ರಶ್ನೆ.

ಬೇಡ. ನಾಳೆ ಬೆಳಿಗ್ಗೆ ಕ್ಲಿನಿಕ್ಕಿಗೆ ಫೋನ್ ಮಾಡಿ. ನಾನು 3 ವಾರ ಸಹಿಸಿಕೊಂಡೆ. ಅದರಿಂದ ಏನೂ ಸಿಗಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ತುಮಕೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಕ್ಲಿಪ್ ಹಾಕಿಸಿದ್ದು 33ನೇ ವಯಸ್ಸಿನಲ್ಲಿ. ದಿನಕ್ಕೆ ಐದು ಪೀರಿಯಡ್ ಮಾತಾಡುವ ಕೆಲಸ. ಮೊದಲ ವಾರ ಹಲ್ಲು ನೋವು, ಕೆನ್ನೆ ನೋವು ಎಲ್ಲಾ ಇತ್ತು. ಅದು ಬರುತ್ತದೆ ಅಂತ ಮೊದಲೇ ಹೇಳಿದ್ದರು, ಬಂತು, ಹೋಯಿತು. ನಾಲಿಗೆಯ ಬಗ್ಗೆ ಯಾರೂ ಹೇಳಿರಲಿಲ್ಲ. ಬಲಗಡೆ ಬದಿಯಲ್ಲಿ ಅಕ್ಕಿಕಾಳಿನಷ್ಟು ಹುಣ್ಣಾಯಿತು. ಎರಡು ದಿನ ಕಮ್ಮಿಯಾಗುತ್ತಿತ್ತು, ಮೂರನೇ ದಿನ ಶಾಲೆಯಿಂದ ಬರುವಷ್ಟರಲ್ಲಿ ಮತ್ತೆ ಕೆಂಪಗೆ ಕಿತ್ತುಕೊಂಡಿರುತ್ತಿತ್ತು. ಕ್ಲಿಪ್ ಅಂದಮೇಲೆ ನೋವು ಇರೋದೇ, ಇದಕ್ಕೆಲ್ಲ ಡಾಕ್ಟರಿಗೆ ತೊಂದರೆ ಕೊಡಬಾರದು ಅಂದುಕೊಂಡು ಸುಮ್ನೆ ಇದ್ದೆ. ಕೊನೆಗೆ ಹೋದಾಗ ಅವರು ಪುಟ್ಟ ಕನ್ನಡಿ ಹಾಕಿ ನೋಡಿ, ಕೆಳದವಡೆಯ ಹಲ್ಲಿಗೆ ಹಾಕಿದ್ದ ಉಂಗುರದಲ್ಲಿ ಒಳಮುಖವಾಗಿದ್ದ ಒಂದು ಚಿಕ್ಕ ಕೊಕ್ಕೆ ತೋರಿಸಿದರು. ಆ ಹಂತದಲ್ಲಿ ಅದು ಬೇಕಾಗಿಯೇ ಇರಲಿಲ್ಲ. ಹಲ್ಲಿಗೆ ತುಂಬುವ ಸಿಮೆಂಟನ್ನು ಒಂದು ಚುಕ್ಕಿ ಅದರ ಮೇಲೆ ಹಾಕಿ ದುಂಡಗೆ ಮಾಡಿದರು. ಐದು ನಿಮಿಷದ ಕೆಲಸ. ಒಂದು ವಾರದಲ್ಲಿ ಹುಣ್ಣು ಮಾಯವಾಯಿತು.

ಇದನ್ನು ಗಮನಿಸಿ. ಸಾಮಾನ್ಯ ಕ್ಲಿಪ್ಪಿನ ಬ್ರಾಕೆಟ್‌ಗಳು, ಅಂದರೆ ತಂತಿ ಹಿಡಿದಿಡಲು ಹಲ್ಲಿಗೆ ಅಂಟಿಸುವ ಪುಟ್ಟ ತುಂಡುಗಳು, ಹಲ್ಲಿನ ಹೊರಗಡೆ ಇರುತ್ತವೆ. ಹಾಗಾಗಿ ಅವು ಉಜ್ಜುವುದು ತುಟಿಗೆ, ಕೆನ್ನೆಗೆ. ನಾಲಿಗೆಗೆ ಗಾಯ ಆಗಬೇಕಾದರೆ ಒಳಗಡೆ ಏನೋ ತಾಗುತ್ತಿರಬೇಕು. ದವಡೆಹಲ್ಲಿನ ಉಂಗುರದ ಕೊಕ್ಕೆ ಇರಬಹುದು. ಮೇಲಿನ ಅಂಗುಳಿಗೆ ಅಡ್ಡವಾಗಿ ಹಾಕುವ ತಂತಿ, ಟಿಪಿಎ ಅನ್ನುತ್ತಾರಲ್ಲ, ಅದಿರಬಹುದು. ಹಲ್ಲು ಪೂರ್ತಿ ಕಚ್ಚದಿರಲಿ ಅಂತ ದವಡೆಹಲ್ಲಿನ ಮೇಲೆ ಹಾಕುವ ನೀಲಿ ಸಿಮೆಂಟಿನ ಅಂಚಿರಬಹುದು. ಹಲ್ಲುಗಳನ್ನು ಕಟ್ಟಿದ ಸಣ್ಣ ತಂತಿಯ ತುದಿ ಒಳಕ್ಕೆ ತಿರುಗಿರಬಹುದು. ಕೆಲವರು ಒಳಗಡೆಯೇ ಕೂರುವ ಲಿಂಗ್ವಲ್ ಕ್ಲಿಪ್ ಹಾಕಿಸಿಕೊಂಡಿರುತ್ತಾರೆ. ಅವರಿಗೆ ನಾಲಿಗೆಯ ಕಾಟ ಮೊದಲ ವಾರಗಳಲ್ಲಿ ಜಾಸ್ತಿಯೇ ಇರುತ್ತದೆ, ಆಮೇಲೆ ಒಗ್ಗಿಕೊಳ್ಳುತ್ತದೆ.

ಇವತ್ತು ರಾತ್ರಿ ಹಲ್ಲುಜ್ಜಿದ ಮೇಲೆ ಮೊಬೈಲ್ ಟಾರ್ಚ್ ಹಿಡಿದು ಕನ್ನಡಿ ಮುಂದೆ ನಿಲ್ಲಿ. ಹುಣ್ಣು ಎಲ್ಲಿದೆ ನೋಡಿ. ಬಾಯಿ ಮುಚ್ಚಿದಾಗ ಆ ಜಾಗ ಯಾವ ಹಲ್ಲಿನ ಎದುರು ಕೂರುತ್ತದೆ ಅಂತ ಗುರುತಿಸಿ. ಆ ಹಲ್ಲಿನ ಒಳಬದಿಯನ್ನು ತೊಳೆದ ಬೆರಳಿನಿಂದ ಮೆಲ್ಲಗೆ ಸವರಿ. ಚುಚ್ಚುವ ಜಾಗ ಸಿಕ್ಕರೆ ಒಂದು ಫೋಟೊ ತೆಗೆದಿಡಿ. ಫೋನಿನಲ್ಲಿ "ನಾಲಿಗೆ ನೋಯುತ್ತಿದೆ" ಅಂದರೆ "ಸ್ವಲ್ಪ ದಿನ ನೋಡಿ" ಅನ್ನಬಹುದು. "ಕೆಳಗಿನ ಎಡ ದವಡೆಹಲ್ಲಿನ ಒಳಗಡೆ ಚೂಪಾದದ್ದು ತಾಗಿ ಹುಣ್ಣಾಗಿದೆ" ಅಂತ ಹೇಳಿ. ಆಗ ಕರೆಸಿಕೊಳ್ಳುವ ಸಾಧ್ಯತೆ ಹೆಚ್ಚು.

ಅಲ್ಲಿಯವರೆಗೆ ವ್ಯಾಕ್ಸ್ ಬಳಸಿ. ಕ್ಲಿಪ್ ಹಾಕಿದ ದಿನವೇ ಒಂದು ಚಿಕ್ಕ ಡಬ್ಬಿ ಕೊಟ್ಟಿರುತ್ತಾರೆ, ಇಲ್ಲದಿದ್ದರೆ ಮೆಡಿಕಲ್ ಶಾಪಿನಲ್ಲಿ ಆರ್ಥೊಡಾಂಟಿಕ್ ವ್ಯಾಕ್ಸ್ ಅಂತ ಕೇಳಿ. ಒಳಗಡೆ ವ್ಯಾಕ್ಸ್ ನಿಲ್ಲುವುದಿಲ್ಲ ಅಂತ ತುಂಬಾ ಜನ ಬಿಟ್ಟುಬಿಡುತ್ತಾರೆ. ನಾನೂ ಬಿಟ್ಟಿದ್ದೆ. ಕೆಳದವಡೆಯ ಒಳಬದಿಯಲ್ಲಿ ಎಂಜಲು ನಿಂತಿರುತ್ತದೆ, ಒದ್ದೆ ಲೋಹಕ್ಕೆ ಮೇಣ ಹೇಗೆ ಅಂಟೀತು? ಮೊದಲು ಹತ್ತಿಯನ್ನು ಆ ಜಾಗದಲ್ಲಿ ಒಂದು ನಿಮಿಷ ಒತ್ತಿಟ್ಟು ಒಣಗಿಸಿ. ವ್ಯಾಕ್ಸನ್ನು ಬೆರಳಿನಲ್ಲಿ ಉರುಟಿ ಬಟಾಣಿಗಿಂತ ಚಿಕ್ಕ ಉಂಡೆ ಮಾಡಿ. ಬೆರಳಿನ ಬಿಸಿಗೆ ಅದು ಮೆತ್ತಗಾಗಬೇಕು. ಹತ್ತಿ ತೆಗೆದ ತಕ್ಷಣ ಒತ್ತಿ ಚಪ್ಪಟೆ ಮಾಡಿ. ದೊಡ್ಡ ಉಂಡೆ ಇಟ್ಟರೆ ನಾಲಿಗೆಯೇ ಅದನ್ನು ಕಿತ್ತುಹಾಕುತ್ತದೆ. ಊಟಕ್ಕೆ ಮೊದಲು, ಹಲ್ಲುಜ್ಜುವ ಮೊದಲು ತೆಗೆದುಬಿಡಿ, ಆಮೇಲೆ ಹೊಸದು ಹಾಕಿ. ತಪ್ಪಿ ಒಂದು ಚೂರು ಹೊಟ್ಟೆಗೆ ಹೋದರೆ ಹೆದರಬೇಡಿ, ಏನೂ ಆಗುವುದಿಲ್ಲ. ನಾನು ಎರಡನೇ ಪೀರಿಯಡ್ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಒಮ್ಮೆ, ಮಧ್ಯಾಹ್ನ ಊಟ ಆದ ಮೇಲೆ ಒಮ್ಮೆ ಬದಲಾಯಿಸುತ್ತಿದ್ದೆ.

ತಂತಿಯ ತುದಿ ಚುಚ್ಚುತ್ತಿದ್ದರೆ ಪೆನ್ಸಿಲ್ ಹಿಂದಿನ ರಬ್ಬರನ್ನು ಚೆನ್ನಾಗಿ ತೊಳೆದು, ಅದರಿಂದ ತುದಿಯನ್ನು ಹಲ್ಲಿನ ಕಡೆಗೆ ಮೆಲ್ಲಗೆ ಒತ್ತಬಹುದು. ಬಗ್ಗದಿದ್ದರೆ ವ್ಯಾಕ್ಸ್ ಸಾಕು. ಉಗುರು ಕತ್ತರಿಸುವ ಕಟರ್ ಬಾಯಿಗೆ ಹಾಕಬೇಡಿ. ಕತ್ತರಿಸಿದ ಚೂರು ಗಂಟಲಿಗೆ ಜಾರಬಹುದು. ಈಗ ಸರಿ ಇರುವ ತಂತಿಯೂ ಮುಂದೆ ಚುಚ್ಚಬಹುದು, ಅದು ಗೊತ್ತಿರಲಿ. ವಕ್ರ ಹಲ್ಲುಗಳು ಸಾಲಿಗೆ ಬರುತ್ತಾ ಬರುತ್ತಾ ತಂತಿ ಹಿಂದಕ್ಕೆ ಸರಿದು ದವಡೆಯ ಕೊನೆಯಲ್ಲಿ ಹೊರಬರುತ್ತದೆ. ಹಲ್ಲು ಸರಿಯುತ್ತಿದೆ ಅನ್ನುವುದಕ್ಕೆ ಅದೂ ಒಂದು ಗುರುತು. ಹೋಗಿ ತುದಿ ಕತ್ತರಿಸಿಕೊಂಡು ಬಂದರೆ ಆಯಿತು.

ಉರಿಗೆ ನನಗೆ ಹೆಚ್ಚು ಕೆಲಸ ಮಾಡಿದ್ದು ಉಪ್ಪುನೀರು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು, ಅರ್ಧ ನಿಮಿಷ ಬಾಯಿಯಲ್ಲಿ ಆಡಿಸಿ ಉಗುಳುವುದು. ದಿನಕ್ಕೆ ನಾಲ್ಕು ಸಲ. ಬೇಗ ವಾಸಿಯಾಗಲಿ ಅಂತ ಉಪ್ಪು ಜಾಸ್ತಿ ಹಾಕಬೇಡಿ, ಉರಿ ಹೆಚ್ಚುತ್ತದೆ. ರಾತ್ರಿ ನಮ್ಮಮ್ಮ ಒಂದು ಹನಿ ತುಪ್ಪ ಹಚ್ಚುತ್ತಿದ್ದರು. ತುಪ್ಪದಿಂದ ಹುಣ್ಣು ವಾಸಿಯಾಗುತ್ತದೆ ಅಂತ ನಾನು ಹೇಳುವುದಿಲ್ಲ, ಆದರೆ ನಾಲಿಗೆ ಒಣಗಿ ಉಜ್ಜುವುದು ಕಮ್ಮಿಯಾಗಿ ನಿದ್ದೆ ಬರುತ್ತಿತ್ತು. ಸ್ಪಿರಿಟ್ ಇರುವ ಮೌತ್‌ವಾಶ್ ಸದ್ಯಕ್ಕೆ ಬೇಡ. ಪೇಸ್ಟಿನ ಮೇಲೆ ಸೋಡಿಯಂ ಲಾರಿಲ್ ಸಲ್ಫೇಟ್ ಅಂತ ಇದ್ದರೆ ಅದಿಲ್ಲದ ಪೇಸ್ಟ್ ಬಳಸಿ ನೋಡಿ. ಆ ನೊರೆ ಕೆಲವರಿಗೆ ಹುಣ್ಣು ಕೆರಳಿಸುತ್ತದೆ. ಮರಗಟ್ಟಿಸುವ ಜೆಲ್ ಊಟಕ್ಕೆ ಮೊದಲು ಒಂದು ಚುಕ್ಕಿ ಹಚ್ಚಬಹುದು. ಆದರೆ ನಾಲಿಗೆ ಜೋಮು ಹಿಡಿದಿರುವಾಗ ಬಿಸಿ ಊಟ ಬೇಡ, ಸುಟ್ಟದ್ದೂ ಕಚ್ಚಿಕೊಂಡದ್ದೂ ಗೊತ್ತಾಗುವುದಿಲ್ಲ. ಇದನ್ನು ಓದುವ ತಂದೆತಾಯಿಗಳಿಗೆ ಒಂದು ಮಾತು: ಇಂಥ ಕೆಲವು ಜೆಲ್‌ಗಳಲ್ಲಿ ಕೋಲಿನ್ ಸ್ಯಾಲಿಸಿಲೇಟ್ ಇರುತ್ತದೆ. 16 ವರ್ಷದೊಳಗಿನವರಿಗೆ ಅದು ಬೇಡ ಅಂತ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲೇ ಹೇಳಿದೆ. ಮಕ್ಕಳಿಗೆ ಡಾಕ್ಟರನ್ನು ಕೇಳದೆ ಹಚ್ಚಬೇಡಿ.

ಊಟದ ವಿಷಯದಲ್ಲಿ ಮುದ್ದೆ ತಿನ್ನುವವರು ಪುಣ್ಯವಂತರು. ಮುದ್ದೆ ಅಗಿಯುವ ಹಾಗೇ ಇಲ್ಲ, ಮುರಿದು ನುಂಗುವುದು. ಹಲ್ಲಿಗೂ ಕೆಲಸವಿಲ್ಲ, ನಾಲಿಗೆಗೂ ಕೆಲಸವಿಲ್ಲ. ಚೆನ್ನಾಗಿ ಆರಿಸಿ, ಖಾರದ ಬಸ್ಸಾರು ಬಿಟ್ಟು ಬೇಳೆಕಟ್ಟು, ಮೊಸರು, ಮಜ್ಜಿಗೆ ಜೊತೆ ತಿನ್ನಿ. ರಾಗಿ ಅಂಬಲಿ, ಮೊಸರನ್ನ, ಹಾಲಿನಲ್ಲಿ ನೆನೆಸಿದ ಇಡ್ಲಿ, ಬಾಳೆಹಣ್ಣು ಎಲ್ಲಾ ಆಗುತ್ತದೆ. ಉಪ್ಪಿನಕಾಯಿ, ಹುಣಸೆ ಗೊಜ್ಜು, ಅನಾನಸ್ ಸ್ವಲ್ಪ ದಿನ ದೂರ ಇರಲಿ. ಚಕ್ಕುಲಿ, ನಿಪ್ಪಟ್ಟು, ಕಡಲೆಮಿಠಾಯಿ, ಕಬ್ಬು ಇವು ಕ್ಲಿಪ್ ಇರುವಷ್ಟು ಕಾಲವೂ ಬೇಡ. ಬ್ರಾಕೆಟ್ ಕಿತ್ತುಬಂದರೆ ಮತ್ತೊಂದು ಚೂಪಾದ ಅಂಚು ಶುರುವಾಗುತ್ತದೆ.

ಮಾತು ತೊದಲುತ್ತಿದೆ ಅಂದಿರಲ್ಲ, ಅದು ನನಗೆ ಹುಣ್ಣಿಗಿಂತ ದೊಡ್ಡ ಚಿಂತೆಯಾಗಿತ್ತು. ನನಗೆ ಟಿಪಿಎ ಕೂಡ ಇತ್ತು. ಟ ವರ್ಗದ ಅಕ್ಷರಗಳಿಗೆ ಮತ್ತು ಳ ಅಕ್ಷರಕ್ಕೆ ನಾಲಿಗೆ ಹಿಂದಕ್ಕೆ ಮಡಿಚಿ ಅಂಗುಳಿಗೆ ತಾಗಬೇಕು ಅಂತ ನಾನೇ ಮಕ್ಕಳಿಗೆ ಪಾಠ ಮಾಡುತ್ತೇನೆ. ಈಗ ಹಾಗೆ ಮಡಿಚಿದಾಗಲೆಲ್ಲ ನಾಲಿಗೆ ತಂತಿಗೆ ಸಿಕ್ಕುತ್ತಿತ್ತು. ಮಳೆ, ಕೊಳ, ಹಣ್ಣು, ಹಳ್ಳಿ ಅನ್ನುವ ಮಾತಿಲ್ಲದೆ ಕನ್ನಡದಲ್ಲಿ ಒಂದು ಪಾಠ ಮುಗಿಸೋಕಾಗುತ್ತದಾ? ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಹತ್ತಿರ ಬಂದು, "ಮಿಸ್, ಇವತ್ತು ನಾವು ಓದುತ್ತೇವೆ, ನೀವು ಕೂತ್ಕೊಳ್ಳಿ" ಅಂದಳು. ಆ ವಾರ ಮಕ್ಕಳು ಸರದಿಯಲ್ಲಿ ಪಾಠ ಓದಿದರು. ನಿಮ್ಮ ಕೆಲಸದಲ್ಲೂ ಹೀಗೆ ಎರಡು ಮೂರು ದಿನ ಮಾತು ಕಮ್ಮಿ ಮಾಡುವ ದಾರಿ ಇದ್ದರೆ ನಾಚಿಕೊಳ್ಳದೆ ಕೇಳಿ. ಗಾಯಕ್ಕೆ ಬಿಡುವು ಸಿಗುತ್ತದೆ. ಹುಣ್ಣು ಮಾಯ್ದ ಮೇಲೆ ದಿನಾ ಹತ್ತು ನಿಮಿಷ ಗಟ್ಟಿಯಾಗಿ, ನಿಧಾನವಾಗಿ ಏನಾದರೂ ಓದಿ. ನನಗೆ ಸ, ಶ ಒಂದು ವಾರದಲ್ಲಿ ಸರಿಯಾದವು. ಳ, ಣ ಸರಿಯಾಗಲು ಮೂರು ವಾರ ಬೇಕಾಯಿತು. ಟಿಪಿಎ ಇರುವವರಿಗೆ ನಾಲಿಗೆಯ ಮೇಲೆ ತಂತಿಯ ಅಚ್ಚು ಮೂಡುವುದುಂಟು. ಬರೀ ಅಚ್ಚಾದರೆ ಹೆದರಬೇಕಿಲ್ಲ. ಚರ್ಮ ಕಿತ್ತಿದ್ದರೆ, ಅಥವಾ ತಂತಿಯೇ ಅಂಗುಳಿನ ಮಾಂಸದೊಳಗೆ ಹೂತುಕೊಳ್ಳುತ್ತಿದೆ ಅನ್ನಿಸಿದರೆ ಡಾಕ್ಟರು ಅದನ್ನು ಸರಿಪಡಿಸಬೇಕು.

ಇನ್ನೊಂದು ವಿಷಯ. ನಾಲಿಗೆ ಸುಮ್ನೆ ಇರುವುದಿಲ್ಲ, ಹೊಸದೇನಿದೆ ಅಂತ ಮತ್ತೆ ಮತ್ತೆ ಅಲ್ಲಿಗೇ ಹೋಗಿ ಸವರುತ್ತದೆ. ಬಸ್ಸಿನಲ್ಲಿ ಕೂತಾಗ, ಪೇಪರ್ ತಿದ್ದುವಾಗ ನನಗೆ ಗೊತ್ತಿಲ್ಲದೇ ಅದು ನಡೆಯುತ್ತಿತ್ತು. ನೆನಪಾದಾಗಲೆಲ್ಲ ನಾಲಿಗೆಯ ತುದಿಯನ್ನು ಮೇಲಿನ ಮುಂದಿನ ಹಲ್ಲುಗಳ ಹಿಂದಿನ ದಿಬ್ಬದ ಮೇಲೆ ಇಟ್ಟುಕೊಳ್ಳುವುದನ್ನು ರೂಢಿ ಮಾಡಿಕೊಂಡೆ. ಅರ್ಧ ಉಜ್ಜಾಟ ಅದರಿಂದಲೇ ನಿಂತಿತು.

ಒಂದೇ ಜಾಗದಲ್ಲಿ ಅಲ್ಲ, ನಾಲಿಗೆ ಪೂರ್ತಿ ಉರಿಯುತ್ತಿದೆ, ತುಟಿಯೂ ತುರಿಸುತ್ತಿದೆ ಅಂದರೆ ಕಾರಣ ಬೇರೆ ಇರಬಹುದು. ಮೊದಲ ತಿಂಗಳುಗಳಲ್ಲಿ ಹಾಕುವ ಮೆತ್ತನೆಯ ತಂತಿ ಸಾಮಾನ್ಯವಾಗಿ ನಿಕ್ಕಲ್ ಮತ್ತು ಟೈಟಾನಿಯಂ ಬೆರೆತದ್ದು, ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನಿಕ್ಕಲ್. ಬಾಯಿಯಲ್ಲಿ ನಿಕ್ಕಲ್ ಅಲರ್ಜಿ ಅಪರೂಪ. ಆದರೂ ಉಮಾಗೋಲ್ಡ್ ಥರದ ಓಲೆ ಹಾಕಿದರೆ ಕಿವಿ ತುರಿಸಿ ನೀರು ಬರುವವರು ನೀವಾಗಿದ್ದರೆ ಅದನ್ನು ಡಾಕ್ಟರಿಗೆ ಹೇಳಿ, ಬೇರೆ ತಂತಿ ಇದೆ. ಏನೂ ತಾಗದಿದ್ದರೂ ಹುಣ್ಣು ಪದೇ ಪದೇ ಬರುತ್ತಿದ್ದರೆ ಕಬ್ಬಿಣಾಂಶ, ಬಿ12, ಫೋಲಿಕ್ ಆಸಿಡ್ ಕಮ್ಮಿ ಇದೆಯಾ ಅಂತ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಚುಚ್ಚುವುದನ್ನು ಸರಿಮಾಡಿದ ಮೇಲೆ ಒಂದೆರಡು ವಾರದಲ್ಲಿ ಹುಣ್ಣು ಮಾಯಬೇಕು. ಎರಡು ವಾರ ಕಳೆದರೂ ಹಾಗೇ ಇದ್ದರೆ, ಅಥವಾ ಅದರ ಅಂಚು ಗಟ್ಟಿಯಾದರೆ, ಮತ್ತೆ ತೋರಿಸಿ. ಜ್ವರ ಬಂದರೆ, ನಾಲಿಗೆ ಅಥವಾ ಗಂಟಲು ಊದಿಕೊಂಡರೆ, ನುಂಗಲು ಕಷ್ಟವಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಉಸಿರಾಟಕ್ಕೆ ತೊಂದರೆಯಾದರೆ ಒಂದು ಕ್ಷಣವೂ ಕಾಯಬೇಡಿ.

ಟಾರ್ಚ್ ಹಾಕಿ ನೋಡಿದಾಗ ಏನು ಕಂಡಿತು ಅಂತ ಇಲ್ಲೇ ಕೆಳಗೆ ಬರೆಯಿರಿ. ನಾಳೆ ಸಂಜೆ ಶಾಲೆಯಿಂದ ಬಂದ ಮೇಲೆ ಓದುತ್ತೇನೆ.