ಬಲಪಂಥದವರಿಗೆ ಬುದ್ಧಿ, ಕರುಣೆ ಎರಡೂ ಕಮ್ಮಿ ಎನ್ನುವುದು ನಿಜವೇ?

ಹಾಗೆ ಹಣೆಪಟ್ಟಿ ಹಚ್ಚುವುದು ತಪ್ಪು. ಅಮೆರಿಕದಲ್ಲಿ ಈ ಮಾತು ಜಾಸ್ತಿ, ಅಲ್ಲಿ ಪರೀಕ್ಷಿಸಿಯೂ ನೋಡಿದ್ದಾರೆ. 2012ರಲ್ಲಿ ಮನೋವಿಜ್ಞಾನಿಗಳಾದ ಜೆಸ್ಸಿ ಗ್ರಹಾಂ, ಬ್ರಯಾನ್ ನೋಸೆಕ್, ಜೊನಾಥನ್ ಹೈಟ್ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 2,200 ಜನ ಕರುಣೆ, ನ್ಯಾಯದಂಥ ನೀತಿಯ ಪ್ರಶ್ನೆಗಳಿಗೆ ಉತ್ತರಿಸಿದರು. ಕೆಲವು ಉತ್ತರ ತಮ್ಮದೇ, ಕೆಲವು ‘ಮಾಮೂಲಿ ಲಿಬರಲ್’ (ಅಲ್ಲಿನ ಎಡಪಂಥದವರು) ಅಥವಾ ‘ಮಾಮೂಲಿ ಕನ್ಸರ್ವೇಟಿವ್’ (ಬಲಪಂಥದವರು) ಏನು ಹೇಳಬಹುದು ಎಂಬ ಊಹೆ. ಎಲ್ಲ ಪಂಥದವರೂ ವ್ಯತ್ಯಾಸವನ್ನು ಉಬ್ಬಿಸಿದರು. ಅತಿ ಹೆಚ್ಚು ತಪ್ಪಿದ್ದು ಲಿಬರಲ್‌ಗಳ ಊಹೆ! ಕರುಣೆ ತಮಗೇ ಜಾಸ್ತಿ ಎನ್ನುವವರು ಇದನ್ನು ಗಮನಿಸಬೇಕು, ಅಲ್ವಾ?

ಬುದ್ಧಿಯ ಕಥೆ ಇನ್ನೂ ಕಳವಳದ್ದು. ಅಮೆರಿಕದ ಸಂಶೋಧಕ ಡ್ಯಾನ್ ಕಹಾನ್ ತಂಡ ಬಂದೂಕು ನಿಯಂತ್ರಣದ ಅಂಕಿಗಳನ್ನು ಜನರಿಗೆ ಅರ್ಥೈಸಲು ಕೊಟ್ಟಾಗ, ಲೆಕ್ಕದಲ್ಲಿ ಜಾಣರಾದವರೇ ತಮ್ಮ ಪಂಥದ ಕಡೆಗೆ ಜಾಸ್ತಿ ವಾಲಿದರು. ಎರಡೂ ಕಡೆ.