ಸಂಪಾದಕರ ಉತ್ತರ: ಅಂಗಮರ್ದನದ ಗುಣ ಎಷ್ಟು, ಮಿತಿ ಎಲ್ಲಿ?

ಮಾನ್ಯರೇ,

ಮಂಡಿನೋವಿಗಾಗಿ ನಿಮ್ಮೂರಿನ ಮಸಾಜ್ ಕೇಂದ್ರವೊಂದಕ್ಕೆ ಹೋಗುವ ಯೋಚನೆಯಲ್ಲಿದ್ದೀರಿ. ಆ ಕೇಂದ್ರದ ಕರಪತ್ರ ಸಕ್ಕರೆ ಕಾಯಿಲೆಯನ್ನೂ ರಕ್ತದೊತ್ತಡವನ್ನೂ ಗುಣಪಡಿಸಿ, ದೇಹದೊಳಗಿನ ವಿಷವನ್ನೆಲ್ಲ ಹೊರಹಾಕುವ ಭರವಸೆ ಕೊಡುತ್ತದೆಂದೂ, ನಿಮ್ಮ ಮನೆಯವರು ಇದು ಪರದೇಶದಿಂದ ಬಂದ ಶೋಕಿ ಎನ್ನುತ್ತಾರೆಂದೂ ಬರೆದಿದ್ದೀರಿ. ಇದು ನಮ್ಮದೋ ಪರರದೋ, ಇದರಿಂದ ನಿಜವಾಗಿ ಗುಣವಿದೆಯೋ ಎಂಬುದು ನಿಮ್ಮ ಪ್ರಶ್ನೆ.

ಪರದೇಶದ್ದೆಂಬ ಮಾತನ್ನು ಒಪ್ಪಲಾಗದು. ಆಯುರ್ವೇದದ ಪ್ರಾಚೀನ ಗ್ರಂಥವಾದ ಚರಕಸಂಹಿತೆಯ ಸೂತ್ರಸ್ಥಾನವೆಂಬ ಭಾಗದ 5ನೇ ಅಧ್ಯಾಯವು ಎಣ್ಣೆ ಕುಡಿದ ಮಡಕೆ, ಎಣ್ಣೆಯಲ್ಲಿ ಮಿದಿದ ಚರ್ಮ, ಕೀಲೆಣ್ಣೆ ಹಾಕಿದ ಬಂಡಿಯ ಅಚ್ಚು ಗಟ್ಟಿಯಾಗಿ ಬಾಳುವಂತೆ ಅಭ್ಯಂಗದಿಂದ, ಎಂದರೆ ಮೈಗೆ ಎಣ್ಣೆ ಹಚ್ಚಿ ನೀವುವುದರಿಂದ, ದೇಹವೂ ದೃಢವಾಗುತ್ತದೆ ಎನ್ನುತ್ತದೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಇದನ್ನು ಅರಸನ ಸ್ನಾನಭೋಗದ ಅಂಗವಾಗಿ ವರ್ಣಿಸುತ್ತದೆ. ಅರಮನೆಯ ಆಚೆಗೆ ಇದು ಗರಡಿಮನೆಗಳಲ್ಲಿ ಪೈಲ್ವಾನರ ಮಾಲೀಶಾಗಿ, ಮನೆಗಳಲ್ಲಿ ಬಾಣಂತಿಯ ಮತ್ತು ಕೂಸಿನ ಎಣ್ಣೆನೀರಾಗಿ ಬೆಳೆಯಿತು. ಮೈಸೂರಿನ ಜಟ್ಟಿಗಳು ಕುಸ್ತಿಯ ಜೊತೆಗೆ ಮೂಳೆ ಕಟ್ಟುವುದರಲ್ಲೂ ಹೆಸರಾದವರು.

ಪಶ್ಚಿಮದ ಕಥೆಯೂ ನಮ್ಮಿಂದ ಪೂರ್ತಿ ದೂರವಿಲ್ಲ. ಪಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಎಂಬುವರು 19ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಹಬೆಸ್ನಾನದ ಜೊತೆಗೆ ಅಂಗಮರ್ದನ ನೀಡುವ ಗೃಹವನ್ನು ನಡೆಸಿ, ಅಲ್ಲಿನ ಇಬ್ಬರು ದೊರೆಗಳ ಸೇವೆಗೂ ನೇಮಕಗೊಂಡರು. ಸ್ಟಾಕ್‌ಹೋಮಿನಲ್ಲಿ 1813ರಲ್ಲಿ ವ್ಯಾಯಾಮ ಸಂಸ್ಥೆ ಕಟ್ಟಿದ ಪೆರ್ ಹೆನ್ರಿಕ್ ಲಿಂಗ್ ಅವರ ಹೆಸರಿನೊಂದಿಗೆ ಸ್ವೀಡಿಷ್ ಮಸಾಜ್ ಗುರುತಿಸಿಕೊಂಡಿದೆಯಾದರೂ, ನೀವುವುದು, ನಾದುವುದು, ತಟ್ಟುವುದು ಎಂಬ ವಿಂಗಡಣೆಯ ಹೆಚ್ಚಿನ ಶ್ರೇಯ ಡಚ್ ವೈದ್ಯ ಯೋಹಾನ್ ಮೆಟ್ಸ್‌ಗರ್ ಅವರಿಗೆ ಸಲ್ಲಬೇಕು. ಲಂಡನ್‌ನಲ್ಲಿ 1894ರಲ್ಲಿ ನಾಲ್ವರು ದಾದಿಯರು ತರಬೇತಿ ಪಡೆದ ಅಂಗಮರ್ದಕಿಯರ ಸಂಘವೊಂದನ್ನು ಸ್ಥಾಪಿಸಿದರು. ಅದೇ ಮುಂದೆ ಬ್ರಿಟನ್ನಿನ ಫಿಸಿಯೋಥೆರಪಿ ಸಂಘವಾಯಿತು. ಇಂದಿನ ಫಿಸಿಯೋಥೆರಪಿ ಮತ್ತು ಮಸಾಜಿಗೆ ಇರುವ ನಂಟು ಅಷ್ಟು ಹತ್ತಿರದ್ದು.

ಇನ್ನು ನಿಮ್ಮ ಮಂಡಿಯ ವಿಚಾರ. ಮಂಡಿ ಸವೆತವಿದ್ದ 222 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೊಮ್ಮೆ ಒಂದು ಗಂಟೆಯಂತೆ ಎಂಟು ವಾರ ಮೈತುಂಬ ಮಸಾಜ್ ಪಡೆದವರ ನೋವು ಮತ್ತು ಬಿಗಿತ, ಬರಿದೆ ಕೈಯಿಟ್ಟ ಸ್ಪರ್ಶವನ್ನಷ್ಟೇ ಪಡೆದವರಿಗಿಂತಲೂ ಎಂದಿನ ಚಿಕಿತ್ಸೆಯಲ್ಲೇ ಇದ್ದವರಿಗಿಂತಲೂ ಹೆಚ್ಚು ಇಳಿದಿತ್ತು. ಆದರೆ ವರ್ಷದ ಕೊನೆಯ ವೇಳೆಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ. ಬೆನ್ನುನೋವಿನ ಅಧ್ಯಯನಗಳೂ ಹೆಚ್ಚುಕಡಿಮೆ ಇದನ್ನೇ, ಎಂದರೆ ಅಲ್ಪಕಾಲದ ಉಪಶಮನವನ್ನೇ ಹೇಳುತ್ತವೆ. ನೋವಿನಿಂದ ರಾತ್ರಿ ನಿದ್ದೆ ಬಾರದವರಿಗೆ ಕೆಲವು ವಾರಗಳ ನೆಮ್ಮದಿ ಸಣ್ಣ ಲಾಭವೇನಲ್ಲ. ಕೀಲಿನ ಮೂಳೆತುದಿಗಳ ಮೇಲಿನ ನುಣುಪು ಪದರವಾದ ಮೃದ್ವಸ್ಥಿ ಸವೆದಿದ್ದರೆ ಅದು ಮಾತ್ರ ಇದರಿಂದ ಮರಳಿ ಬೆಳೆಯುವುದಿಲ್ಲ. ಆದ್ದರಿಂದ ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ಬಿಟ್ಟು ಮಸಾಜನ್ನೇ ನಂಬಿ ಕೂರಬೇಡಿ.

ಕರಪತ್ರದ ಉಳಿದ ಮಾತುಗಳನ್ನು ನಾನು ಖಂಡಿತವಾಗಿ ನಿರಾಕರಿಸುತ್ತೇನೆ. ದೇಹದ ಕಲ್ಮಶವನ್ನು ಹೊರಹಾಕುವ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದು. ದಣಿದ ಸ್ನಾಯುವಿನ ಲ್ಯಾಕ್ಟಿಕ್ ಆಮ್ಲವನ್ನಾದರೂ ಮಸಾಜ್ ಬೇಗ ತೊಳೆಯುತ್ತದೆಯೇ ಎಂದು ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದವರು ಪರೀಕ್ಷಿಸಿದಾಗ, ಕೈಯ ಒತ್ತಡದಿಂದ ರಕ್ತದ ಹರಿವಿಗೇ ತಡೆಯಾಗಿ ಅದು ಇನ್ನೂ ನಿಧಾನವಾದದ್ದು ಕಂಡುಬಂತು. ಮಸಾಜಿನ ನಂತರ ರಕ್ತದೊತ್ತಡ ತುಸು ಇಳಿಯಬಹುದು, ಅದು ತಾತ್ಕಾಲಿಕ. ಸಕ್ಕರೆಯ ಅಥವಾ ಒತ್ತಡದ ಒಂದು ಮಾತ್ರೆಯನ್ನೂ ಇದರ ಭರವಸೆಯಲ್ಲಿ ನಿಲ್ಲಿಸಕೂಡದು.

ನಮ್ಮ ಪ್ರಾಚೀನರು ಇಂಥ ಅತಿಮಾತು ಆಡಿದವರಲ್ಲ ಎಂಬುದನ್ನು ಒತ್ತಿ ಹೇಳಬೇಕೆನಿಸುತ್ತದೆ. ನಿತ್ಯವೂ ಅಭ್ಯಂಗ ಮಾಡಬೇಕು, ಅದರಲ್ಲೂ ತಲೆ, ಕಿವಿ, ಪಾದಗಳಿಗೆ ಎಂದು ವಿಧಿಸಿದ ಆಯುರ್ವೇದ ಗ್ರಂಥ ಅಷ್ಟಾಂಗಹೃದಯವೇ, ಅದರ ಬೆನ್ನಿಗೆ ಕಫದಿಂದ ಬಳಲುವವರು, ವಾಂತಿ, ಭೇದಿ ಮಾಡಿಸಿ ದೇಹವನ್ನು ಶುದ್ಧಿಗೊಳಿಸುವ ಶೋಧನಚಿಕಿತ್ಸೆ ಮುಗಿಸಿದವರು ಮತ್ತು ಅಜೀರ್ಣವಾದವರು ಮಾಡಿಸಿಕೊಳ್ಳಬಾರದೆಂದು ನಿಷೇಧಿಸುತ್ತದೆ. ಪರಂಪರೆಯ ಹೆಸರಿನಲ್ಲಿ ವ್ಯಾಪಾರ ಮಾಡುವವರು ಆ ನಿಷೇಧವನ್ನೂ ಜೊತೆಗೆ ಓದಬೇಕು.

ಇಂದಿನ ವೈದ್ಯರು ಸೇರಿಸುವ ಎಚ್ಚರಿಕೆಗಳು ಇನ್ನಷ್ಟಿವೆ. ಒಂದೇ ಕಾಲಿನ ಮೀನಖಂಡ ಊದಿಕೊಂಡು, ಬಿಸಿಯಾಗಿ ನೋಯುತ್ತಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದಾಗ ಆ ಹೆಪ್ಪು ಸಡಿಲಗೊಂಡು ಶ್ವಾಸಕೋಶಕ್ಕೆ ಹರಿದರೆ ಪ್ರಾಣಾಪಾಯವಿದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮುಂದುವರಿಯಬಾರದು. ಕ್ಷೌರದಂಗಡಿಯಲ್ಲಿ ಕತ್ತನ್ನು ಫಕ್ಕನೆ ತಿರುಗಿಸಿ ನೆಟಿಗೆ ತೆಗೆಸಿಕೊಳ್ಳುವುದಂತೂ ಬೇಡವೇ ಬೇಡ, ಏಕೆಂದರೆ ಅದರಿಂದ ಮೆದುಳಿಗೆ ರಕ್ತ ಒಯ್ಯುವ ನಾಳದ ಒಳಪದರ ಹರಿದು ಪಾರ್ಶ್ವವಾಯು ಬಡಿದ ನಿದರ್ಶನಗಳಿವೆ.

ನಿಮಗೆ ಸಕ್ಕರೆ ಕಾಯಿಲೆ ಇದೆಯೆಂದು ಬರೆದಿರುವುದರಿಂದ ಪಾದಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಸ್ಪರ್ಶಜ್ಞಾನ ಕುಂದಿದ ಪಾದಕ್ಕೆ ಎಣ್ಣೆಯ ಬಿಸಿ ತಿಳಿಯದೆ ಸುಟ್ಟ ಗಾಯವಾಗಬಹುದು. ಎಣ್ಣೆಯನ್ನು ಒಲೆಯ ಮೇಲಿಡದೆ, ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಉಗುರುಬೆಚ್ಚಗೆ ಮಾಡಿ, ಹಚ್ಚುವವರು ತಮ್ಮ ಮಣಿಕಟ್ಟಿನ ಒಳಬದಿಗೆ ಒಂದು ಹನಿ ಬಿಟ್ಟು ನೋಡಲಿ. ತೊಡೆ ಮತ್ತು ಕಾಲಿಗೆ ಉದ್ದುದ್ದ, ಮಂಡಿಯ ಸುತ್ತ ದುಂಡಗೆ, ನೋವಾಗದಷ್ಟು ಒತ್ತಡದಲ್ಲಿ ನೀವಿದರೆ ಸಾಕು. ಮಂಡಿ ಕೆಂಪಾಗಿ ಊದಿರುವ ದಿನ ಅದನ್ನು ಮುಟ್ಟುವುದು ಬೇಡ. ಬಚ್ಚಲಿಗೆ ಏಳುವ ಮೊದಲು ಅಂಗಾಲಿನ ಎಣ್ಣೆಯನ್ನು ಕಡಲೆಹಿಟ್ಟಿನಿಂದ ಚೆನ್ನಾಗಿ ಒರೆಸಿಕೊಳ್ಳಿ. ಈ ವಯಸ್ಸಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯವು ಮಂಡಿನೋವಿಗಿಂತ ದೊಡ್ಡದು.

— ಸಂಪಾದಕ